ಅಡಿಕೆ ಹಾಳೆಯಲ್ಲಿ ಡೆಂಗೆ

2024ರ ಮಳೆಗಾಲ ನಮ್ಮ ಮನೆಯಲ್ಲಿ ಇಬ್ಬರಿಗೆ ಡೆಂಗೆ. ಅಂಗಳದಲ್ಲಿ ಎಲ್ಲೂ ನೀರು ನಿಂತಿರಲಿಲ್ಲ. ಆಶಾ ಕಾರ್ಯಕರ್ತೆ ತೋಟಕ್ಕಿಳಿದು, ಬಿದ್ದ ಹಾಳೆಯೊಂದನ್ನು ತೋರಿಸಿದರು. ಬೊಗಸೆಯಷ್ಟು ನೀರು, ಅದರ ತುಂಬ ಮರಿಹುಳ! ಗೆರಟೆ, ಕೊಕ್ಕೋ ಸಿಪ್ಪೆ, ರಬ್ಬರ್ ಕಪ್ಪಿನಲ್ಲೂ ಇದೇ ಕತೆ.

ಡೆಂಗೆ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7-10 ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಮರಿಗೆ ರೆಕ್ಕೆ ಬಾರದು. ಹಾಳೆಯನ್ನು ಸೀಳಿ ಬುಡಕ್ಕೆ ಹಾಕಿ, ಗೊಬ್ಬರವೂ ಆಯ್ತು. ಕೆಲಸವಿಲ್ಲದ ಕಪ್ಪು, ಗೆರಟೆ ಕವುಚಿಡಿ.

ಸೊಳ್ಳೆಗೆ ಬೇಲಿ ಗೊತ್ತಿಲ್ಲ. ಅದಕ್ಕೇ ನೆರೆಯ ನಾಲ್ಕು ತೋಟದವರೂ ಸೇರಿ ಭಾನುವಾರ ಬೆಳಗ್ಗೆ ಒಂದು ಗಂಟೆ ಇದಕ್ಕೆಂದೇ ಇಟ್ಟಿದ್ದೇವೆ.

ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವವಾದೀತು. ಮೊದಲು ರಕ್ತ ಪರೀಕ್ಷೆ ಮಾಡಿಸಿ.