ಹಣ್ಣು ಪೇಟೆಗೆ, ಪ್ಯಾಕೆಟ್ ಮನೆಗೆ!

ಮಾರ್ಕೆಟ್‌ಗೆ ಪಪ್ಪಾಯ ಹಾಕಿ ಬರುವಾಗ ಮಗಳಿಗೆ ಚಿಪ್ಸ್, ಕೋಲಾ ತರೋದು ನನಗೆ ರೂಢಿಯಾಗಿತ್ತು. ಹೋದ ವರ್ಷ ಜ್ವರ ಅಂತ ತೋರಿಸೋಕೆ ಹೋದಾಗ ಡಾಕ್ಟರ್ ತೂಕ ನೋಡಿ, “ವಯಸ್ಸಿಗೆ ಜಾಸ್ತಿ ಆಯ್ತು, ಏನು ತಿನ್ನಿಸ್ತೀರಿ?” ಅಂದ್ರು. ವಿಷ ಹೊಡೆಯದೆ ಬೆಳೀತೀನಿ ಅಂತ ಊರಿಗೆಲ್ಲ ಹೇಳೋ ನನಗೆ ಉತ್ತರವೇ ಹೊಳೆಯಲಿಲ್ಲ.

250 ಮಿ.ಲೀ. ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತೆ, ಅಂದರೆ ಆರು ಟೀ ಚಮಚ. ಗೊಬ್ಬರದ ಚೀಲದ ಮೇಲೆ ಎನ್‌ಪಿಕೆ ಓದುವ ನಾವು, ತಿಂಡಿ ಪ್ಯಾಕೆಟ್ ಹಿಂದಿನ ಸಕ್ಕರೆ, ಕೊಬ್ಬು, ಸೋಡಿಯಂ ಲೆಕ್ಕ ಓದುವುದಿಲ್ಲ.

ನಾವು ಮಾಡಿದ್ದು ಇಷ್ಟೇ:

• ಮಗಳನ್ನು ಬೈಯಲಿಲ್ಲ, ಪ್ಯಾಕೆಟ್ ತರೋದನ್ನೇ ನಿಲ್ಲಿಸಿದೆವು. ನಾನೂ ಬಿಟ್ಟೆ.
• ಸ್ಕೂಲಿಂದ ಬಂದ ಕೂಡಲೇ ಬೇಯಿಸಿದ ಕಡಲೆಕಾಯಿ, ಹೆಚ್ಚಿದ ಪಪ್ಪಾಯ, ಇಲ್ಲವೇ ಮಜ್ಜಿಗೆ.
• ಊಟದ ಹೊತ್ತಲ್ಲಿ ಯಾರ ಕೈಲೂ ಮೊಬೈಲ್ ಇಲ್ಲ.
• ಹಿತ್ತಲಲ್ಲಿ ಅವಳದೇ ಒಂದು ಮಡಿ. ಮೂಲಂಗಿ 40–45 ದಿನಕ್ಕೆ ಕೀಳಲು ಬರುತ್ತೆ, ಮಕ್ಕಳ ತಾಳ್ಮೆಗೆ ಸರಿಹೊಂದುತ್ತೆ. ತಾನೇ ಕಿತ್ತ ಮೂಲಂಗಿಯನ್ನು ಅವಳು ಬೇಡ ಅನ್ನಲಿಲ್ಲ.

ಬೆಳೆಯೋ ಮಕ್ಕಳನ್ನು ಉಪವಾಸ ಕೆಡವಬೇಡಿ, ‘ಡುಮ್ಮಿ’ ಅಂತ ಹಂಗಿಸಬೇಡಿ. ಅನುಮಾನ ಇದ್ದರೆ ಡಾಕ್ಟರ್‌ಗೆ ತೋರಿಸಿ.

ಮುಂದಿನ ಲೋಡ್ ಕಳಿಸುವಾಗ ಎರಡು ಹಣ್ಣು ಮನೆಗೆ ಎತ್ತಿಡಿ. ಒಡೆದದ್ದಲ್ಲ, ಒಳ್ಳೆಯದೇ.