ಕೋಲಾರದ ಕಲ್ಲಿನಲ್ಲಿ ಬಂಗಾರ ಕೂಡಿದ ಬಗೆ

ಅಂಧೇರಿಯಲ್ಲಿ ನೆಟ್ಟಗೆ ನಿಂತಿರುವ ಗಿಲ್ಬರ್ಟ್ ಹಿಲ್ ಎಂಬ ಕರಿಗುಡ್ಡವನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಸುಮಾರು ೬ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಶಿಲಾರಸವು ಆರಿ ಗಟ್ಟಿಯಾದ ಕಲ್ಲು ಅದು. ಕೋಲಾರದ ಚಿನ್ನದ ಗಣಿಗಳ ಕಪ್ಪುಕಲ್ಲೂ ಮೂಲದಲ್ಲಿ ಅಂತಹುದೇ. ಅದರ ವಯಸ್ಸು ಮಾತ್ರ ಸುಮಾರು ೨೭೦ ಕೋಟಿ ವರ್ಷ. ಹಾಗಾದರೆ ಬಂಗಾರವು ಅಲ್ಲಿ ದೊರೆತು ಇಲ್ಲಿ ದೊರೆಯದಿರಲು ಕಾರಣವೇನು?

ಕರಿಗಲ್ಲಿನಲ್ಲಿ ಬಂಗಾರವು ಇಲ್ಲವೇ ಇಲ್ಲವೆಂದಲ್ಲ. ಸಾಮಾನ್ಯವಾಗಿ ಒಂದು ಟನ್ ಕಲ್ಲಿನಲ್ಲಿ ಕೆಲವೇ ಮಿಲಿಗ್ರಾಂ ಇರುವುದು. ಆಳದ ಗಣಿಯನ್ನು ತೋಡಬೇಕಾದರೆ ಟನ್ನಿಗೆ ಕೆಲವು ಗ್ರಾಂ, ಎಂದರೆ ಅದರ ಸಾವಿರ ಪಟ್ಟು, ಬೇಕು. ಚದರಿದ ಈ ಕಣಗಳನ್ನು ಒಂದೆಡೆ ಕೂಡಿಸಿದುದು ನೀರು.

ಕೋಲಾರದ ಶಿಲೆಗಳು ಭೂಮಿಯ ಚಿಪ್ಪಿನ ಚಲನೆಯಿಂದ ಆಳದಲ್ಲಿ ಹೂತು, ಎರಡು ಮಗ್ಗುಲಿನಿಂದ ಅದುಮಲ್ಪಟ್ಟು ಮಡಿಕೆಬಿದ್ದವು. ಕಾವು ಮತ್ತು ಒತ್ತಡಗಳಿಂದ ಅವುಗಳ ಖನಿಜಗಳೇ ಮಾರ್ಪಟ್ಟವು. ಇಂತಹ ಕಲ್ಲುಗಳನ್ನು ರೂಪಾಂತರ ಶಿಲೆಗಳೆನ್ನುವರು. ಒದ್ದೆಬಟ್ಟೆಯನ್ನು ಹಿಂಡಿದಂತೆ, ಖನಿಜಗಳೊಳಗೆ ಸೆರೆಯಾಗಿದ್ದ ನೀರು ಹೊರಬಂದಿತೆಂದು ಹೆಚ್ಚಿನ ಭೂವಿಜ್ಞಾನಿಗಳ ಮತ. ಸುಡುವ ಆ ನೀರಿನಲ್ಲಿ ಗಂಧಕವಿದ್ದಿತು. ಬರಿಯ ನೀರಿಗೆ ಬಗ್ಗದ ಬಂಗಾರವು ಗಂಧಕದ ಜೊತೆಗೂಡಿ ಕರಗುತ್ತದೆ.

ಒತ್ತಡವನ್ನು ತಾಳಲಾರದೆ ಕಲ್ಲು ಬಿರಿದಾಗ ಈ ನೀರು ಬಿರುಕುಗಳಲ್ಲಿ ನುಗ್ಗಿ ಮೇಲೇರುತ್ತದೆ. ಅಲ್ಲಿ ಒತ್ತಡವು ತಟ್ಟನೆ ಇಳಿಯುವುದರಿಂದ, ಸೋಡಾ ಬಾಟಲಿಯ ಗೋಲಿಯನ್ನು ಅದುಮಿದೊಡನೆ ಆಗುವಂತೆ, ಅನಿಲಗಳು ಬೇರ್ಪಡುತ್ತವೆ. ಪಕ್ಕದ ಕಲ್ಲಿನ ಕಬ್ಬಿಣವು ಗಂಧಕವನ್ನು ಸೆಳೆದುಕೊಳ್ಳುತ್ತದೆ. ಜೊತೆಗಾರನನ್ನು ಕಳೆದುಕೊಂಡ ಬಂಗಾರವು ಬೆಣಚುಕಲ್ಲಿನೊಡನೆ ಅಲ್ಲಿಯೇ ತಂಗುತ್ತದೆ. ಬಿರುಕು ಮುಚ್ಚುವುದು, ಒತ್ತಡವೇರಿ ಮತ್ತೆ ಬಿರಿಯುವುದು. ಹೀಗೆ ಅನೇಕ ಸಲ ಆಗಿ ಚಾಂಪಿಯನ್ ರೀಫಿನಂತಹ ಬಂಗಾರದ ಎಳೆಗಳು ಉಂಟಾದವು. ಗಿಲ್ಬರ್ಟ್ ಹಿಲ್ಲಿನ ಕಲ್ಲು ಇಂತಹ ಹಿಂಡುವಿಕೆಗೆ ಸಿಲುಕಲಿಲ್ಲ.

೧೮೮೦ರ ದಶಕದಿಂದ ಕೋಲಾರದ ಕಾರ್ಮಿಕರು ಈ ಎಳೆಗಳನ್ನು ಬೆನ್ನಟ್ಟಿ ೩ ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದರು. ಅಲ್ಲಿ ಸುತ್ತಣ ಬಂಡೆಯ ಒತ್ತಡಕ್ಕೆ ಸುರಂಗದ ಕಲ್ಲು ಸಿಡಿದು ಅನೇಕರು ಮಡಿದರು. ೨೦೦೧ರ ಫೆಬ್ರವರಿ ೨೮ರಂದು ಆ ಗಣಿಗಳು ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಕೆಲಸವು ಇಂದಿಗೂ ನಡೆದಿದೆ. ಟನ್ನಿಗೆ ೫ ಗ್ರಾಂ ಎಂದು ಹಿಡಿದರೂ ೧೦ ಗ್ರಾಂ ತೂಕದ ಒಡವೆಗೆ ೨ ಟನ್ ಕಲ್ಲನ್ನು ಒಡೆದು ಅರೆಯಬೇಕು. ನೀರು ಯುಗಯುಗಗಳಲ್ಲಿ ಅರ್ಧ ಮಾಡಿದ ಕೆಲಸವನ್ನು ಪೂರ್ಣಗೊಳಿಸಿದುದು ಮನುಷ್ಯರ ತೋಳು. ಒಡವೆಯ ಬೆಲೆಯನ್ನು ಎಣಿಸುವಾಗ ನಾವು ಇದನ್ನೂ ಎಣಿಸಬೇಕು.