ಹೊರಗುದುರೆಯ ಜೋಡುನಳಿಗೆಗಳು

ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಚರೆ ತುಂಬಿ, ಕೇಪು ಏರಿಸುವಷ್ಟರಲ್ಲಿ ಹಕ್ಕಿ ಹಾರಿಹೋಗುವುದನ್ನು ನೋಡುತ್ತ ನಿಲ್ಲಬೇಕಾಗಿದ್ದ ಬೇಟೆಗಾರನಿಗೆ, ಹಿಂಬದಿಯಿಂದ ತೋಟಾ ತುಂಬುವ ಜೋಡುನಳಿಗೆಯ ಕೋವಿಯು ಹತ್ತೊಂಬತ್ತನೆಯ ಶತಮಾನದ ಮಹೋಪಕಾರಗಳಲ್ಲೊಂದಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಯೂರೋಪಿನಲ್ಲಿ ಹುಟ್ಟಿದ ಈ ವಿದ್ಯೆಯು ಅಮೆರಿಕೆಯಲ್ಲಿ ಬೇರೂರಿದುದು ಅಲ್ಲಿನ ಅಂತರ್ಯುದ್ಧವು 1865ರಲ್ಲಿ ಮುಗಿದ ತರುವಾಯ. ಸೇನೆಗೆ ಬಂದೂಕುಗಳನ್ನು ಒದಗಿಸಿ ನುರಿತ ಯಂತ್ರಗಳೂ ಕೈಗಳೂ ಆಗ ಬೇರೆ ಕೆಲಸವನ್ನು ಅರಸುತ್ತಿದ್ದವು. ಮುಂದಿನ ಎರಡು ದಶಕಗಳಲ್ಲಿ ಅವು ನಿರ್ಮಿಸಿದ ಕೋವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಎಲ್ಲವೂ ಒಂದೇ ಕುಲದವೆಂದು ತೋರುವುದಾದರೂ, ಬಾಯಿ ತೆರೆಯುವ ಬಗೆಯಲ್ಲಿ ಮಾತ್ರ ಒಂದೊಂದರದೂ ಒಂದೊಂದು ಪಂಥ.

ಸಾಮ್ಯವನ್ನು ಮೊದಲು ಹೇಳಬೇಕು. ಎರಡು ನಳಿಗೆಗಳಿಗೂ, ಈಡು ಹಾರಿಸಲು ಬಡಿಯುವ ಸುತ್ತಿಗೆಗಳಾದ ಎರಡು ಕುದುರೆಗಳು, ಎರಡೂ ಹೊರಗೆ, ಕಣ್ಣಿಗೆ ಕಾಣುವಂತೆ. ಎತ್ತಿದೆಯೋ ಇಳಿದಿದೆಯೋ ಎಂಬುದನ್ನು ದೂರದಿಂದಲೇ ಅರಿಯಬಹುದಾದ ಈ ಪ್ರಾಮಾಣಿಕತೆಯನ್ನು, ಆಮೇಲೆ ಬಂದ ಒಳಗುದುರೆಯ ಕೋವಿಗಳು ಎಷ್ಟೇ ನಯವಾಗಿದ್ದರೂ ಕಳೆದುಕೊಂಡವೆಂದೇ ನನ್ನ ಅಭಿಪ್ರಾಯ. ಆದರೆ ಮೊದಮೊದಲಿನವುಗಳಲ್ಲಿ ಒಂದು ತೊಡಕಿತ್ತು. ಈಡು ಹಾರಿದ ಮೇಲೆ ಕುದುರೆಯು ಕೇಪನ್ನು ಚುಚ್ಚುವ ಮೊಳೆಯ ಮೇಲೆಯೇ ಒತ್ತಿಕೊಂಡಿರುತ್ತಿದ್ದುದರಿಂದ, ಮೊಳೆಯ ತುದಿಯು ತೋಟಾದ ಕೇಪಿನಲ್ಲಿ ನಾಟಿಕೊಂಡು, ಕುದುರೆಯನ್ನು ಅರ್ಧಕ್ಕೆ ಎತ್ತಿದ ಹೊರತು ಕೋವಿಯನ್ನು ತೆರೆಯುವಂತಿರಲಿಲ್ಲ. ಇಂಗ್ಲೆಂಡಿನ ಸ್ಟ್ಯಾಂಟನ್ ಎಂಬವನು 1867ರಲ್ಲಿ ಹಕ್ಕುಪತ್ರ ಪಡೆದ, ಬಡಿದೊಡನೆ ತಾನೇ ಹಿಂದೆ ಸರಿಯುವ ಕುದುರೆಯು ಈ ತೊಡಕನ್ನು ನೀಗಿತು. ಅಮೆರಿಕದ ಕಾರ್ಖಾನೆಗಳೂ ಕ್ರಮೇಣ ಅದನ್ನು ಸ್ವೀಕರಿಸಿದವು.

ಇವುಗಳಲ್ಲಿ ಅಗ್ರಪೂಜೆಯು ಸಲ್ಲುವುದು ಕನೆಕ್ಟಿಕಟ್ ಪ್ರಾಂತದ ಮೆರಿಡನ್ ಊರಿನ ಪಾರ್ಕರ್ ಕೋವಿಗೆ. ಚಾರ್ಲ್ಸ್ ಪಾರ್ಕರನು ಕಾಫಿ ಬೀಸುವ ಯಂತ್ರಗಳನ್ನು ಮಾಡಿ ಮೇಲೆ ಬಂದ ಉದ್ಯಮಿ. 1860ರ ದಶಕದ ಕೊನೆಯಲ್ಲಿ ಅವನ ಕಾರ್ಖಾನೆಯಿಂದ ಹೊರಟ ಜೋಡುನಳಿಗೆಯಲ್ಲಿ, ಬೆರಳಿನಿಂದ ಎಳೆಯುವ ಬಿಲ್ಲಿನ ಕಾಪುಬಳೆಯ ಮುಂದೆ ಕೆಳಭಾಗದಲ್ಲಿರುವ ಗುಂಡಿಯೊಂದನ್ನು ಮೇಲಕ್ಕೊತ್ತಿದರೆ ಅಗುಳಿ ಹಿಂದೆ ಸರಿದು ನಳಿಗೆಗಳು ಕೀಲಿನ ಮೇಲೆ ಬಾಗುತ್ತಿದ್ದವು. ಕೋವಿಯನ್ನು ಹಿಡಿದ ಹಿಡಿತವನ್ನು ಬಿಡದೆಯೇ ಬೆರಳಿಗೆಟಕುವ ಈ ಏರ್ಪಾಡು ಬಲು ಸರಳವೂ ಗಟ್ಟಿಯೂ ಆದುದೆಂಬುದಕ್ಕೆ, 1880ರ ದಶಕದಲ್ಲಿ ಕೋವಿಯನ್ನು ಮೇಲ್ಭಾಗದಿಂದ ತೆರೆಯುವ ಮೇಲ್ಸನ್ನೆಯು ಬಂದ ಬಳಿಕವೂ ಹಳೆಯದನ್ನೇ ಬಯಸಿದ ಗಿರಾಕಿಗಳಿದ್ದುದೇ ಸಾಕ್ಷಿ.

ನ್ಯೂಯಾರ್ಕ್ ಪ್ರಾಂತದ ಇಲಿಯನ್ನಿನ ರೆಮಿಂಗ್ಟನ್ ಕಾರ್ಖಾನೆಯು ಹಿಡಿದುದು ಬೇರೆ ದಾರಿ. ಆಂಡ್ರ್ಯೂ ವಿಟ್ಮೋರನು ರೂಪಿಸಿದ 1874ರ ಮಾದರಿಯಲ್ಲಿ ಸನ್ನೆಯಿರುವುದು ಎರಡು ಕುದುರೆಗಳ ನಡುವೆ. ಅದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಬಾರದು, ಮೇಲಕ್ಕೆತ್ತಬೇಕು. ಚಳಿಗೆ ಮರಗಟ್ಟಿದ ಕೈಗೆ ಇದು ಹಿತವಾದುದೆಂದು ನನಗೆ ತೋರುವುದಿಲ್ಲ. 1882ರಲ್ಲಿ ಆ ಕಾರ್ಖಾನೆಯೇ ಪಕ್ಕಕ್ಕೆ ಸರಿಯುವ ಸನ್ನೆಗೆ ಬದಲಾಯಿಸಿತು. ಅದೇ 1874ರಲ್ಲಿ, ಅದೇ ಕಾರ್ಖಾನೆಯಿಂದ, ಮಾರುಕಟ್ಟೆಗೆ ಬಂದ ಇನ್ನೊಂದು ಸರಕು ಬೆರಳಚ್ಚು ಯಂತ್ರ.

ವಿಚಿತ್ರವೆಂದರೆ, ಕೋವಿಯ ಜೊತೆಗೇ ಬೆರಳಚ್ಚು ಯಂತ್ರವೂ ಹುಟ್ಟಿದ ಇದೇ ಕಥೆ ಸಿರಾಕ್ಯೂಸ್ ನಗರದಲ್ಲಿಯೂ. ಅಲ್ಲಿ ಡಬ್ಲ್ಯು. ಎಚ್. ಬೇಕರನು ರಚಿಸಿದ ಕೋವಿಯನ್ನು ತೆರೆಯಬೇಕಾದರೆ ಮುಂದಿನ ಬಿಲ್ಲನ್ನು ಎಳೆಯದೆ ಮುಂದಕ್ಕೆ ನೂಕಬೇಕು; ಹಾರಿಸುವ ಅಂಗಕ್ಕೇ ತೆರೆಯುವ ಕೆಲಸವನ್ನೂ ಕಟ್ಟಿದ ಈ ಜಾಣ್ಮೆಯನ್ನು ಮೆಚ್ಚಬಹುದು, ಅನುಕರಿಸಬಾರದು. ಬೇಕರನು ಹೊರಟುಹೋದ ಮೇಲೆ ಆ ಕೋವಿಯ ವ್ಯವಹಾರದ ಒಡೆಯನಾದ ಲೈಮನ್ ಕಾರ್ನೀಲಿಯಸ್ ಸ್ಮಿತ್ತನಿಗಾಗಿ ಅಲೆಕ್ಸಾಂಡರ್ ಬ್ರೌನ್ ಎಂಬ ಶಿಲ್ಪಿಯು ರೂಪಿಸಿದ ಕೋವಿಯಲ್ಲಿ, ನಳಿಗೆಗಳ ನಡುಪಟ್ಟಿಯ ಹಿಂಚಾಚನ್ನು ತಿರುಗುವ ಅಗುಳಿಯೊಂದು ಕಚ್ಚಿ ಹಿಡಿಯುವುದು. ಸವೆದಷ್ಟೂ ಇನ್ನಷ್ಟು ತಿರುಗಿ ಬಿಗಿಯಾಗುವ ಈ ಅಗುಳಿಯೇ, ನಾನು ಬಲ್ಲಮಟ್ಟಿಗೆ, ಈ ಇಡೀ ಕುಲದಲ್ಲಿ ಅತ್ಯಂತ ಯುಕ್ತವಾದ ಕಲ್ಪನೆ. ಆ ಬ್ರೌನನೇ ಬೆರಳಚ್ಚು ಯಂತ್ರವನ್ನೂ ರೂಪಿಸಿದನು. ಸ್ಮಿತ್ತನು ಕೋವಿಯ ವ್ಯವಹಾರವನ್ನು ಫುಲ್ಟನ್ ಊರಿನ ಹಂಟರ್ ಸಹೋದರರಿಗೆ ಮಾರಿ ಬೆರಳಚ್ಚಿನ ಕಡೆ ತಿರುಗಿದನು. ಕೋಲ್ಟ್ ಕಾರ್ಖಾನೆಯ 1878ರ ಮಾದರಿಯು ಸುಂದರವಾದುದಾದರೂ ಇಂಗ್ಲಿಷರ ಪಡಿಯಚ್ಚು. ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

ಇನ್ನು ನಳಿಗೆಗಳ ಮಾತು. ಬೆಲೆಯುಳ್ಳ ಕೋವಿಗಳಿಗೆ ಡಮಾಸ್ಕಸ್ ನಳಿಗೆಗಳೇ ಶೋಭೆ. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಹೊಸೆದು, ಸಲಾಕೆಯೊಂದರ ಸುತ್ತ ಸುತ್ತಿ, ಕಾಯಿಸಿ ಬಡಿದು ಬೆಸೆದ ಈ ಕೊಳವೆಗಳ ಬಹುಭಾಗವು ಬೆಲ್ಜಿಯಮ್ಮಿನ ಲಿಯೇಜ್ ಪರಿಸರದಿಂದ ಬರುತ್ತಿದ್ದಿತು. ಆಮ್ಲದ ಸಂಸ್ಕಾರದಿಂದ ಅವುಗಳ ಮೈಮೇಲೆ ಮೂಡುವ ಸುರುಳಿಯ ಚಿತ್ತಾರವನ್ನು ಎಷ್ಟು ನೋಡಿದರೂ ತಣಿವಿಲ್ಲ. ಆದರೆ ಅವು ಕರಿಮದ್ದಿಗಾಗಿ ಹುಟ್ಟಿದವು. 1890ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಳಕೆಗೆ ಬರುತ್ತಲೇ ಏಕಶಿಲೆಯಂಥ ಉಕ್ಕಿನ ನಳಿಗೆಗಳ ಮುಂದೆ ಹಿಂದೆ ಸರಿದವು. ಬೆಸುಗೆಯ ಸಂದುಗಳಲ್ಲಿ ಕಣ್ಣಿಗೆ ಕಾಣದ ತುಕ್ಕು ಅಡಗಿರಬಹುದಾದುದರಿಂದ, ಅಂಥ ಕೋವಿಯು ಯಾರ ಮನೆಯ ಗೋಡೆಯ ಮೇಲೆ ಎಷ್ಟೇ ಸೊಗಸಾಗಿ ಹೊಳೆಯುತ್ತಿರಲಿ, ಬಲ್ಲ ಕೋವಿಗಾರನಿಂದ ಪರೀಕ್ಷೆಯಾಗದೆ ಅದಕ್ಕೆ ಈಗಿನ ತೋಟಾವನ್ನು ತುಂಬಬಾರದು.